ಸದ್ದು ಹೇಳಬಾರದ ಕಾರು

ಮದುವೆಯಾಗಿ ಈ ಮನೆಗೆ ಬಂದ ವಾರದಲ್ಲೇ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲನ್ನು ಅರ್ಧ ಮುಂದೆ ಮಾಡಿ, ಮನೆಯ ಕಟ್ಟಳೆಯೊಂದನ್ನು ಹೇಳಿದರು. ಬೀಗದ ಕೈ ಎಲ್ಲಿಡುತ್ತಾರೆ, ಯಾರ ಚಹಾಕ್ಕೆ ಎಷ್ಟು ಸಕ್ಕರೆ ಎಂಬುದೆಲ್ಲ ಆಮೇಲೆ ಬಂತು. ಮೊದಲು ಬಂದದ್ದು ಇದು.

“ನೋಡಮ್ಮ, ಈ ಮನೇಲಿ ಏನು ಬೇಕಾದ್ರೂ ಮಾತಾಡು. ನನ್ನ ಮೇಲೆ ಸಿಟ್ಟು ಬಂದ್ರೆ ನನಗೇ ಹೇಳು. ಆದ್ರೆ ಕಾರಲ್ಲಿ ಏನೋ ಸದ್ದು ಬರ್ತಿದೆ ಅಂತ ಮಾತ್ರ ಮಾವನ ಹತ್ರ ಬಾಯಿ ಬಿಡ್ಬೇಡ. ಅವರಾಗೇ ‘ಏನಾದ್ರೂ ಕೇಳಿಸ್ತಾ’ ಅಂತ ಕೇಳ್ತಾರೆ. ಇಲ್ಲ ಅನ್ಬೇಕು. ಅಷ್ಟೆ.”

ನನಗೆ ನಗು ಬಂತು. ನಾನು ಕೆಲಸ ಮಾಡುವುದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಊರಿನ ಗೋಳು ಕೇಳುವುದೇ ನನ್ನ ಸಂಬಳ. ಪೈಪು ಒಡೆದಿದೆ, ನೀರು ಬಂದಿಲ್ಲ, ಬಂದ ನೀರು ಕೆಂಪಗಿದೆ. ‘ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದು ಹೇಗೆ’ ಎಂದು ದಿನಾ ಜನರನ್ನು ಗದರುವವಳು ನಾನು. ಅಂಥವಳ ಬಾಯಿಗೇ ಬೀಗ.

ಅತ್ತೆಯ ಕಡೆಯಿಂದ ನೋಡಿದರೆ ನ್ಯಾಯವಿತ್ತು. ಒಮ್ಮೆ ಅವರು ಬಾಯಿತಪ್ಪಿ ‘ಮುಂದೆ ಏನೋ ಕುಂಯ್ ಅಂತಿದೆ’ ಎಂದಿದ್ದರಂತೆ. ಮಾವ ಬೆಲ್ಟು ಬದಲಾಯಿಸಲು ಗ್ಯಾರೇಜಿಗೆ ಹೋದವರು ಬೆಲ್ಟು, ಅದನ್ನು ಬಿಗಿಹಿಡಿಯುವ ಟೆನ್ಷನರ್, ವಾಟರ್ ಪಂಪು, ಅಷ್ಟಾದ ಮೇಲೆ ಇದೊಂದು ಯಾಕೆ ಬಿಡಬೇಕು ಎಂದು ರೇಡಿಯೇಟರಿನ ಪೈಪು, ಎಲ್ಲ ಹೊಸದು ಹಾಕಿಸಿಕೊಂಡು ಬಂದರು. ಆ ವರ್ಷ ಅಡುಗೆಮನೆಯ ಮುರಿದ ಕಿಟಕಿಗೆ ಗಾಜು ಬರಬೇಕಿತ್ತು, ರಟ್ಟು ಬಂತು. ಇನ್ನೊಮ್ಮೆ ನನ್ನ ಗಂಡ, ಆಗಿನ್ನೂ ಕಾಲೇಜು ಹುಡುಗ, ‘ತಿರುವಿನಲ್ಲಿ ಟಕ್ ಟಕ್ ಅನ್ನುತ್ತೆ’ ಎಂದುಬಿಟ್ಟರಂತೆ. ಚಕ್ರಕ್ಕೆ ತಿರುಗುವ ಶಕ್ತಿ ಕೊಡುವ ಕಬ್ಬಿಣದ ದಂಡ, ಅದರ ಸುತ್ತಲಿನ ರಬ್ಬರು ಬುಷ್ಷುಗಳು, ಕೊನೆಗೆ ಎರಡು ಟೈರು. ಬೆರಳು ತೋರಿಸಿದರೆ ಹಸ್ತ ನುಂಗುವ ಕಾರು ಅದು. ಮೂಗಿಗಿಂತ ಮೂಗುತಿ ಭಾರ ಎಂದು ಅತ್ತೆ ಅಂದಿನಿಂದ ಈ ಕಟ್ಟಳೆ ತಂದರು. ಬೇರೆ ಮನೆಗಳಲ್ಲಿ ಸುಳ್ಳು ಹೇಳಬಾರದು ಎಂದು ಕಲಿಸುತ್ತಾರೆ. ನಮ್ಮಲ್ಲಿ ಈ ಒಂದು ಸುಳ್ಳನ್ನು ತಪ್ಪಿಲ್ಲದೆ ಹೇಳುವುದನ್ನು ಕಲಿಸುತ್ತಿದ್ದರು.

ಕಾರು ಬೂದು ಬಣ್ಣದ್ದು, ಹಿಂದೆ ದೊಡ್ಡ ಡಿಕ್ಕಿಯಿರುವ ಉದ್ದನೆಯ ಸೆಡಾನು. ನನ್ನ ಗಂಡನಿಗಿಂತ ಸ್ವಲ್ಪ ಚಿಕ್ಕದು, ಅವರಿಗಿಂತ ಹೆಚ್ಚು ಮುದ್ದಿನಲ್ಲಿ ಬೆಳೆದದ್ದು. ಹಿಂದಿನ ಎಡಗಡೆಯ ಕಿಟಕಿ ಗಾಜು ಜಾರದಂತೆ ಹಳೆಯ ಚಪ್ಪಲಿಯ ರಬ್ಬರು ತುರುಕಿದೆ. ಬಲಗಡೆಯ ಬಾಗಿಲನ್ನು ಹೊರಗಿನಿಂದಲೇ ತೆಗೆಯಬೇಕು. ಎಸಿ ಗುಂಡಿ ಒತ್ತಿದರೆ ಧೂಳಿನ ವಾಸನೆಯ ಬಿಸಿಗಾಳಿ ಬರುತ್ತದೆ. ನಿಲ್ಲಿಸುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುವುದಕ್ಕೆ ಒಂದು ತಗಡಿನ ತಟ್ಟೆ. ಆದರೂ ಮನೆಯ ಅರ್ಧ ಖರ್ಚು ಅದರಿಂದಲೇ ನಡೆಯುತ್ತಿತ್ತು. ಮಾವ ಬೆಳಗ್ಗೆ ಒಬ್ಬಿಬ್ಬರು ಕಾಯಂ ಗಿರಾಕಿಗಳನ್ನು ಕೂರಿಸಿಕೊಂಡು ಗುಡ್ಡದ ಮೇಲಿನ ನಮ್ಮ ಬಡಾವಣೆಯಿಂದ ಕೆಳಗಿನ ಪೇಟೆಗೆ ಇಳಿಸುತ್ತಿದ್ದರು. ಅದೇ ಓಟದಲ್ಲಿ ನನ್ನ ಮಗಳು ಪುಟ್ಟಿಯನ್ನು ಶಾಲೆಗೆ, ಕೆಲವು ದಿನ ನನ್ನನ್ನು ಕಚೇರಿಗೆ ಬಿಡುತ್ತಿದ್ದರು. ಶಾಲೆ ಇಳಿಜಾರಿನ ಕೊನೆಯ ತಿರುವಿನಲ್ಲಿದೆ.

ಮಾವನ ಕಿವಿಗೆ ಊರಲ್ಲೇ ಹೆಸರಿತ್ತು. ಗ್ಯಾರೇಜಿನ ಮೇಸ್ತ್ರಿ ತನಗೆ ತಿಳಿಯದ ಎಂಜಿನ್ ಬಂದರೆ ಇವರಿಗೆ ಹೇಳಿಕಳಿಸುತ್ತಿದ್ದ. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ‘ಇದು ಹೋಗಿದೆ’ ಎನ್ನುತ್ತಿದ್ದರು. ಬಿಚ್ಚಿದರೆ ಅದೇ ಹೋಗಿರುತ್ತಿತ್ತು. ಕೂಲಿ ಒಂದು ಲೋಟ ಚಹಾ. ಆ ಚಹಾ ಕುಡಿದು ಬಂದ ದಿನ ಮಾವನ ನಡಿಗೆಯೇ ಬೇರೆ. ಮೂವತ್ತು ವರ್ಷ ಬೇರೆಯವರ ಲಾರಿ ಓಡಿಸಿದವರಿಗೆ ತಮ್ಮದೆಂದು ಇದ್ದದ್ದು ಆ ಕಾರು ಮತ್ತು ಆ ಕಿವಿ.

ಹೋದ ವರ್ಷದ ಕೊನೆಯಿಂದ ಅತ್ತೆ ಬಹಳ ಖುಷಿಯಲ್ಲಿದ್ದರು. “ನಿಮ್ಮ ಮಾವ ಸುಧಾರಿಸಿದಾರೆ ಕಣೆ. ಕಾರು ಗ್ಯಾರೇಜಿನ ಮುಖ ನೋಡಿ ಎಷ್ಟು ತಿಂಗಳಾಯ್ತು. ಕೇಳ್ತಾರೆ, ಇಲ್ಲ ಅಂತೀವಿ, ಆಯ್ತು ಅಂತಾರೆ.” ಕಿಟಕಿಯ ರಟ್ಟು ಹೋಗಿ ಗಾಜು ಬಂತು. ಟೊಂಯ್ ಟೊಂಯ್ ಎಂದು ತೆಳ್ಳಗೆ ಕೂಗಿ ಸಮಯ ಹೇಳುವ ಹೊಸ ಕರೆಂಟ್ ಒಲೆಯೂ ಬಂತು.

ನನಗೆ ಮಾತ್ರ ಒಂದು ಸದ್ದು ಕೇಳಿಸತೊಡಗಿತ್ತು. ಇಳಿಜಾರಿನಲ್ಲಿ ಮಾವ ಬ್ರೇಕನ್ನು ಮೆಲ್ಲಗೆ ಒತ್ತಿದಾಗ ಮುಂದಿನ ಚಕ್ರದ ಕಡೆಯಿಂದ ಸಣ್ಣಗೆ, ಕೀಚಲಾಗಿ, ಹಲ್ಲು ಜುಂ ಎನ್ನುವ ಹಾಗೆ. ಮೊದಮೊದಲು ಎಂದಾದರೊಮ್ಮೆ ಬರುತ್ತಿತ್ತು, ಆಮೇಲೆ ದಿನಾ. ಪುಟ್ಟಿಯಂತೂ ಅದಕ್ಕೊಂದು ಹೆಸರಿಟ್ಟಳು.

“ತಾತ, ಕಾರು ಹಾಡ್ತಿದೆ,” ಎಂದಳು ಒಂದು ದಿನ ಹಿಂದಿನ ಸೀಟಿನಿಂದ.

ಪಕ್ಕದಲ್ಲಿದ್ದ ಅತ್ತೆ ಅವಳ ತೊಡೆ ಚಿವುಟಿದರು. “ರೇಡಿಯೋ ಕಣೆ ಅದು. ಸುಮ್ಮನೆ ಕೂತ್ಕೋ.”

ರೇಡಿಯೋ ಕೆಟ್ಟು ಯಾವ ಕಾಲವಾಗಿತ್ತೋ. ಮಾವ ಕನ್ನಡಿಯಲ್ಲಿ ನಕ್ಕು, “ತಾತನ ಕಾರಲ್ವಾ, ಹಾಡ್ದೆ ಇರತ್ತಾ?” ಎಂದರು. ಪುಟ್ಟಿ ಜಾಣೆ. ಎರಡು ಸಲ ಚಿವುಟಿಸಿಕೊಂಡ ಮೇಲೆ ತಾತ ‘ಏನಾದ್ರೂ ಕೇಳಿಸ್ತಾ’ ಎಂದರೆ ನಮ್ಮೆಲ್ಲರಿಗಿಂತ ಮೊದಲು ‘ಇಲ್ಲಾ’ ಎಂದು ರಾಗವಾಗಿ ಹೇಳುವುದನ್ನು ಕಲಿತಳು. ಅತ್ತೆ ಅದಕ್ಕೆ ಹೆಮ್ಮೆಪಟ್ಟರು. ನನಗೆ ಮೈ ಉರಿಯುತ್ತಿತ್ತು, ಆದರೆ ಸಂಸಾರದಲ್ಲಿ ಮೈ ಉರಿಯುವ ವಿಷಯಗಳನ್ನು ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ; ಇದು ಸಾಲಿನಲ್ಲಿ ಹಿಂದೆ ಉಳಿಯಿತು.

ಒಂದು ಬೆಳಗ್ಗೆ ನಾನು ಮುಂದಿನ ಸೀಟಿನಲ್ಲಿದ್ದೆ. ಇಳಿಜಾರಿನ ಅರ್ಧದಲ್ಲಿ ದನಿ ಎಷ್ಟು ಜೋರಾಯಿತೆಂದರೆ ರಸ್ತೆಬದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು, ಹಾಲಿನ ಅಂಗಡಿಯವನು ತಿರುಗಿ ನೋಡಿದ. ಮಾವ ಒಂದು ಕೈ ಸ್ಟೀರಿಂಗಿನ ಮೇಲಿಟ್ಟು ಹಾಯಾಗಿ ಕೂತಿದ್ದರು. “ಎಷ್ಟು ನುಣ್ಣಗೆ ಹೋಗ್ತಿದೆ ನೋಡು,” ಎಂದರು. ಆಮೇಲೆ ತಲೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿ, “ಏನಾದ್ರೂ ಕೇಳಿಸ್ತಾ?” ಎಂದರು.

ಅವರ ಕಾಲು ಬ್ರೇಕಿನ ಮೇಲಿತ್ತು. ಆ ಕಿರುಚು ನಮ್ಮಿಬ್ಬರ ನಡುವೆಯೇ ಇತ್ತು. ನಾನು ಅವರ ಮುಖ ನೋಡಿದೆ. ಅದರಲ್ಲಿ ಮೇಷ್ಟರು ಪ್ರಶ್ನೆ ಕೇಳುವಾಗಿನ ಗತ್ತು ಇರಲಿಲ್ಲ; ದಾರಿ ಗೊತ್ತಿಲ್ಲದವನು ದಾರಿ ಕೇಳುವಾಗಿನ ಸಣ್ಣ ಸಂಕೋಚ ಇತ್ತು. ಇಷ್ಟು ದಿನ ಅವರು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. ಅವರು ನಿಜವಾಗಿಯೂ ಕೇಳಿ ತಿಳಿದುಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಪುಟ್ಟಿ “ಇಲ್ಲಾ” ಎಂದಳು. ಮಾವ ತೃಪ್ತಿಯಿಂದ ತಲೆಯಾಡಿಸಿದರು.

ಅಂದು ಕಚೇರಿಯಲ್ಲಿ ನನಗೆ ಯಾರ ದೂರೂ ತಲೆಗೆ ಹತ್ತಲಿಲ್ಲ. ಸಂಜೆ ಅತ್ತೆಯನ್ನು ಅದೇ ಅಡುಗೆಮನೆಗೆ ಕರೆದು ಈ ಸಲ ನಾನು ಬಾಗಿಲು ಮುಂದೆ ಮಾಡಿದೆ.

“ಮಾವನಿಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ ಅತ್ತೆ.”

“ನಿನ್ನ ತಲೆ. ಪಕ್ಕದ ಮನೆ ಗಂಡ ಹೆಂಡ್ತಿ ಗುಸುಗುಸು ಜಗಳ ಆಡಿದ್ರೂ ನನಗೆ ವರದಿ ಒಪ್ಪಿಸ್ತಾರೆ.”

“ದಪ್ಪ ದನಿ ಕೇಳಿಸತ್ತೆ. ಸಣ್ಣದು ಕೇಳಿಸಲ್ಲ ಅನ್ಸತ್ತೆ.”

ಅತ್ತೆ ನನ್ನನ್ನು ಒಂದು ನಿಮಿಷ ದುರುಗುಟ್ಟಿ ನೋಡಿದರು. ಆಮೇಲೆ ಹೊಸ ಒಲೆಯ ಗುಂಡಿ ತಿರುಗಿಸಿ, ಅದು ಕೂಗುವಂತೆ ಇಟ್ಟು, ಬಾಗಿಲು ತೆರೆದರು. ಮಾವ ಎದುರಿಗೇ ಊಟದ ಮೇಜಿನ ಹತ್ತಿರ ಪೇಪರು ಓದುತ್ತಿದ್ದರು. ಒಲೆ ಟೊಂಯ್ ಎಂದಿತು. ಮತ್ತೆ ಟೊಂಯ್. ಅತ್ತೆ ನಿಲ್ಲಿಸಲಿಲ್ಲ. ಒಳಕೋಣೆಯಿಂದ ಪುಟ್ಟಿ ಓಡಿ ಬಂದು “ಅಜ್ಜಿ, ಒಲೆ ಕೂಗ್ತಿದೆ” ಎಂದಳು. ಮಾವ ಅವಳ ಮಾತಿಗೆ ತಲೆಯೆತ್ತಿ, ಒಲೆಯ ಕಡೆ ನೋಡಿ, ಅತ್ತೆಯ ಕಡೆ ನೋಡಿ, “ಯಾಕೆ ಹಾಗೆ ನಿಂತಿದೀಯಾ?” ಎಂದು ಪುಟ ತಿರುಗಿಸಿದರು.

ಅತ್ತೆ ಒಲೆ ಆರಿಸಿ ಅಲ್ಲೇ ಕಟ್ಟೆಗೆ ಒರಗಿಕೊಂಡರು. “ಅಯ್ಯೋ, ಅದಕ್ಕೇ ಸುಧಾರಿಸಿದ್ದು,” ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಸೆರಗಿನಿಂದ ಒರೆಸಿಕೊಂಡು, “ಈಗ್ಲೇ ಹೇಳ್ಬೇಡ. ಕಿವಿ ಹೋಯ್ತು ಅಂದ್ರೆ ಆ ಮನುಷ್ಯ ಉಳಿಯಲ್ಲ. ಭಾನುವಾರ ಮೇಸ್ತ್ರಿನ ಮನೆಗೆ ಕರೆಸಿ ಬ್ರೇಕು ನೋಡಿಸೋಣ. ಮೇಸ್ತ್ರಿನೇ ಕಂಡುಹಿಡಿದ ಹಾಗೆ ಆಗ್ಲಿ,” ಎಂದರು.

ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ನನಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು. ಆದರೆ ಆ ಇಳಿಜಾರಿನಲ್ಲಿ ದಿನಾ ಇಳಿಯುವವಳು ನನ್ನ ಮಗಳು. ಮರುದಿನ ಬೆಳಗ್ಗೆ ದಾರಿಯಲ್ಲೇ ಹೇಳಿಬಿಡುವುದೆಂದು ನಿರ್ಧರಿಸಿ ಮುಂದಿನ ಸೀಟು ಹಿಡಿದೆ. ಹೊರಡುವ ಮೊದಲೇ ಹೇಳಬೇಕಿತ್ತು. ಬಾಗಿಲಲ್ಲಿ ಅತ್ತೆ ಕೈ ಜೋಡಿಸಿದ ಹಾಗೆ ನಿಂತಿದ್ದರು. ಅವರೆದುರಿಗೆ ಮಾತು ಹೊರಡಲಿಲ್ಲ.

ಹಿಂದೆ ಪುಟ್ಟಿಯ ಪಕ್ಕದಲ್ಲಿ ಹೆಡ್‌ಮೇಡಂ ಕೂತರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಮಂಡಿಯ ಚಿಕಿತ್ಸೆಗೆ ವಾರಕ್ಕೆ ಮೂರು ಸಲ ನಮ್ಮ ಕಾರಿನಲ್ಲೇ ಹೋಗುವವರು. ಇಳಿಜಾರು ಶುರುವಾಯಿತು. ಕಿರುಚು ಇರಲಿಲ್ಲ. ಒಂದು ಕ್ಷಣ ನೆಮ್ಮದಿಯಾಯಿತು. ಮರುಕ್ಷಣ ಅದರ ಜಾಗದಲ್ಲಿ ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ದಪ್ಪ ಸದ್ದು ಬಂತು. ಇದು ಮಾವನಿಗೂ ಕೇಳಿಸಿತು.

“ಏನದು?” ಎಂದರು. ಅವರ ದನಿಯಲ್ಲಿ ಗಾಬರಿಗಿಂತ ಅಚ್ಚರಿ ಹೆಚ್ಚಿತ್ತು. “ನಿನ್ನೆ ತನಕ ಏನೂ ಇರ್ಲಿಲ್ಲವಲ್ಲ.”

“ಇತ್ತು ಮಾವ,” ಎಂದೆ. “ತುಂಬಾ ದಿನದಿಂದ ಇತ್ತು. ನಿಲ್ಲಿಸಿ.”

ಅವರು ಬ್ರೇಕು ಒತ್ತಿದರು. ಪೆಡಲು ತಳದವರೆಗೆ ಹೋಯಿತು, ಕಾರು ನಿಲ್ಲಲಿಲ್ಲ. ಮುಂದೆ ಶಾಲೆಯ ತಿರುವು, ಗೇಟಿನ ಹತ್ತಿರ ಮಕ್ಕಳ ಗುಂಪು. ಮಾವ ಗೇರನ್ನು ಒಂದೊಂದೇ ಕೆಳಗೆ ತಂದರು. ಎಂಜಿನ್ ಬೊಬ್ಬೆ ಹೊಡೆಯಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯುತ್ತ, ಎಡಗಡೆಯ ಚಕ್ರಗಳನ್ನು ಪಾದಚಾರಿ ದಾರಿಯ ಕಲ್ಲಂಚಿಗೆ ಉಜ್ಜಿಸುತ್ತ ತಂದರು. ನಾನು ಪಕ್ಕದಿಂದ ಬಾಗಿ ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಗೇಟಿಗೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಉಳಿದಿರುವಾಗ ಕಾರು ನಿಂತಿತು. ಪುಟ್ಟಿ ಅಳುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ.

ಹೆಡ್‌ಮೇಡಂ ಪುಟ್ಟಿಯನ್ನು ಹಿಡಿದುಕೊಂಡೇ ಹೇಳಿದರು. “ತಿಂಗಳಿಂದ ಕಿರುಚ್ತಾ ಇತ್ತಲ್ರೀ ಇದು. ನಿಮಗೆ ಗೊತ್ತಿದ್ದೇ ಓಡಿಸ್ತಿದೀರಿ ಅಂತ ನಾನು ಸುಮ್ಮನಿದ್ದೆ. ಎಂಥೆಂಥಾ ಕಾರಿಗೆ ಔಷಧ ಹೇಳೋರು ನೀವು.”

ಮಾವ ಸ್ಟೀರಿಂಗ್ ಹಿಡಿದೇ ಕೂತಿದ್ದರು. “ಕಿರುಚ್ತಿತ್ತಾ?” ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದೆ.

ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಹೋದೆವು. ಸುದ್ದಿ ತಿಳಿದು ಅತ್ತೆಯೂ ಚಪ್ಪಲಿ ಅದಲು ಬದಲು ಹಾಕಿಕೊಂಡು ಓಡಿ ಬಂದರು. ಮೇಸ್ತ್ರಿ ಚಕ್ರ ಬಿಚ್ಚಿ ತೋರಿಸಿದ. ಬ್ರೇಕ್ ಪ್ಯಾಡು ಪೂರ್ತಿ ಸವೆದು ಬರೀ ತಗಡು ಉಳಿದಿತ್ತು. ಅದು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಉಳುಮೆ ಮಾಡಿದ ಹಾಗೆ ಗೀರಿತ್ತು. ಪ್ಯಾಡನ್ನು ಒತ್ತುವ ಪಿಸ್ಟನ್ನು ಹೊರಗೆ ಬಂದು ಬ್ರೇಕಿನ ಎಣ್ಣೆಯೆಲ್ಲ ಸೋರಿತ್ತು.

“ಪ್ಯಾಡ್ ಸವೆದಾಗ ಕೂಗ್ಲಿ ಅಂತಾನೇ ಇದಕ್ಕೊಂದು ತಗಡಿನ ನಾಲಿಗೆ ಇಟ್ಟಿರ್ತಾರೆ,” ಎಂದ ಮೇಸ್ತ್ರಿ, ಮುರಿದ ಸಣ್ಣ ಚೂರೊಂದನ್ನು ಅಂಗೈಯಲ್ಲಿ ಹಿಡಿದು. “ಪಾಪ, ಇದು ತನ್ನ ಕೆಲಸ ತಾನು ಮಾಡಿದೆ. ಆಗ್ಲೇ ಬಂದಿದ್ರೆ ಒಂದು ಜೊತೆ ಪ್ಯಾಡು, ಅರ್ಧ ಗಂಟೆ ಕೆಲಸ. ಈಗ ಡಿಸ್ಕು, ಪ್ಯಾಡ್ ಹಿಡಿಯೋ ಕ್ಯಾಲಿಪರು, ಪೈಪು, ಎಲ್ಲ ಹೋಯ್ತು. ಎಡಗಡೆ ಚಕ್ರ ಹಿಡಿದಿರೋ ಕೆಳಗಿನ ತೋಳೂ ಬಾಗಿದೆ.”

ಬಿಲ್ಲಿನ ಅಂದಾಜು ಕೇಳಿ ಅತ್ತೆ ಕಂಬ ಹಿಡಿದರು. ಅಷ್ಟು ತಿಂಗಳ ‘ಇಲ್ಲ’ಗಳಿಂದ ಉಳಿಸಿದ್ದೆಲ್ಲ ಒಂದೇ ತುತ್ತಿಗೆ ಹೋಗಿ, ಮೇಲೆ ಕೈಸಾಲ ಬೀಳುವಂತಿತ್ತು. ಆದರೆ ಮಾವ ಬಿಲ್ಲಿನ ಮಾತು ಎತ್ತಲಿಲ್ಲ. ಹಳೆಯ ಟೈರಿನ ಮೇಲೆ ಕೂತು ಅತ್ತೆಯನ್ನು ಕೇಳಿದರು.

“ನಿನಗೂ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು ರೀ.”

“ಮೊದಲಿಂದ್ಲೂ?”

“ಮೊದಲಿಂದ್ಲೂ. ನೀವು ಮತ್ತೆ ಖರ್ಚು ಮಾಡ್ತೀರಿ ಅಂತ...”

ಮಾವ ಮೇಸ್ತ್ರಿಯ ಕಡೆ ತಿರುಗಿದರು. ಅವನು ಕೈ ಒರೆಸುವ ಬಟ್ಟೆಯನ್ನು ಮತ್ತೆ ಮತ್ತೆ ಮಡಚಿದ. “ಮೊನ್ನೆ ಆ ವ್ಯಾನಿನ ಬೆಲ್ಟು ನಿಮಗೆ ಕೇಳಿಸ್ಲಿಲ್ಲ ಅಣ್ಣ. ಆವಾಗ್ಲೇ ನನಗೆ ಅನುಮಾನ ಬಂತು. ಹೇಳೋಕೆ ಮನಸ್ಸು ಬರ್ಲಿಲ್ಲ. ಚಹಾ ಕೊಟ್ಟು ಕಳಿಸ್ದೆ,” ಎಂದ.

“ನನಗೂ ಅನುಮಾನ ಬಂದಿತ್ತು,” ಎಂದರು ಮಾವ. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಮಗೆ ಸುಲಭವಾಗುತ್ತಿತ್ತು. “ಹಕ್ಕಿ ಕೂಗೋದು ಕಮ್ಮಿಯಾಯ್ತಲ್ಲ ಅಂತ ಯೋಚನೆ ಮಾಡ್ತಿದ್ದೆ. ಅದಕ್ಕೇ ದಿನಾ ನಿಮ್ಮನ್ನ ಕೇಳ್ತಿದ್ದೆ. ಮೂರು ಜನಾನೂ ಇಲ್ಲ ಅಂದಾಗ, ಸದ್ಯ, ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ ಅಂದ್ಕೊಳ್ತಿದ್ದೆ. ಎಷ್ಟು ಸಮಾಧಾನ ಆಗ್ತಿತ್ತು ಗೊತ್ತಾ.”

ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಅತ್ತೆ ಕಾರಿನ ಹಿಂದೆ ಹೋಗಿ ಮುಖ ಮುಚ್ಚಿಕೊಂಡು ಅತ್ತರು.

ಕಾರು ಸರಿಯಾಗಿ ಬಂತು. ಕಿವಿಗೆ ಹಾಕುವ ಯಂತ್ರದ ಬೆಲೆಯನ್ನು ನನ್ನ ಗಂಡ ವಿಚಾರಿಸಿಕೊಂಡು ಬಂದರು. ಈಗಷ್ಟೇ ಕಾರಿಗೆ ಸುರಿದ ದುಡ್ಡಿಗೇ ಅಣ್ಣನಂತಿತ್ತು ಅದು. “ಮೊದಲು ಸಾಲ ತೀರ್ಲಿ,” ಎಂದರು ಮಾವ. ಹೆಡ್‌ಮೇಡಂ ಬೇರೆ ಆಟೋ ಗೊತ್ತು ಮಾಡಿಕೊಂಡರು. ಮೇಸ್ತ್ರಿ ಚಹಾಕ್ಕೆ ಕರೆಯುವುದನ್ನು ಬಿಡಲಿಲ್ಲ, ಆದರೆ ಮಾವ ಹೋಗುವುದನ್ನು ಬಿಟ್ಟರು. ಉದ್ದನೆಯ ಸ್ಕ್ರೂಡ್ರೈವರು ಈಗ ಕಿಟಕಿಗೆ ಅಡ್ಡ ಕೊಡಲು ಬಳಕೆಯಾಗುತ್ತಿದೆ.

ಅತ್ತೆಯ ಕಟ್ಟಳೆ ತಿರುಗುಮುರುಗಾಗಿದೆ. ಈಗ ಅವರು ಮುಂದಿನ ಸೀಟಿನಲ್ಲಿ ಕೂತು, ಕೇಳುವ ಮೊದಲೇ ಎಲ್ಲ ಹೇಳುತ್ತಾರೆ. “ರೀ, ಹಿಂದೆ ಗುಂಯ್ ಅಂತಿದೆ.” “ರೀ, ಈಗ ಕಿರ್ ಅಂತು.” ಕಿರ್ ಎಂದದ್ದು ಅವರು ಕೂತ ಸೀಟಿನ ಸ್ಪ್ರಿಂಗು ಎಂದು ನನಗೆ ಗೊತ್ತು. ಮಾವ ಹೂಂ ಎನ್ನುತ್ತಾರೆ. ಆದರೆ ನಂಬುವುದಿಲ್ಲ. ಕಾರು ನಿಲ್ಲಿಸಿ, ಇಳಿದು, ಒಂದೊಂದು ಚಕ್ರದ ಮೇಲೂ ಅಂಗೈ ಇಟ್ಟು ಬಿಸಿ ನೋಡುತ್ತಾರೆ. ಬಾನೆಟ್ಟಿನ ಮೇಲೆ ಕೈಯೂರಿ ಎಂಜಿನ್ನಿನ ನಡುಕ ನೋಡುತ್ತಾರೆ. ಇಳಿಜಾರಿಗೆ ಮುಂಚೆ ನಿಂತಲ್ಲೇ ಬ್ರೇಕು ಒತ್ತಿ ಒತ್ತಿ ನೋಡುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಮಾತಿನ ಮಾನ ಹೋದದ್ದು ಒಂದು ಜೊತೆ ಪ್ಯಾಡಿಗೆ. ‘ಏನಾದ್ರೂ ಕೇಳಿಸ್ತಾ’ ಎಂದು ಅವರು ನಮ್ಮನ್ನು ಮತ್ತೆ ಕೇಳಲೇ ಇಲ್ಲ.

ಇವತ್ತು ಬೆಳಗ್ಗೆ ಮಾತ್ರ ಕೇಳಿದರು. ನಮ್ಮನ್ನಲ್ಲ. ಇಳಿಜಾರು ಶುರುವಾಗುವ ಕಡೆ ಕಾರಿನ ವೇಗ ಇಳಿಸಿ, ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಟ್ಟಿಯನ್ನು ನೋಡುತ್ತ, ಬಹಳ ಮೆತ್ತಗೆ ಕೇಳಿದರು.

“ಪುಟ್ಟೀ, ನೀನೇ ಹೇಳು ಕಂದಾ. ನಮ್ಮ ಕಾರು ಹಾಡ್ತಿದೆಯಾ?”

ಮುಂದೆ ಕೂತಿದ್ದ ಅತ್ತೆ ಹಿಂದಕ್ಕೆ ತಿರುಗಿದರು. ಪುಟ್ಟಿ ಬಾಯಿ ತೆರೆದಳು. ಆಮೇಲೆ ಏನು ಹೇಳಬೇಕೆಂದು ಪಕ್ಕದಲ್ಲಿದ್ದ ನನ್ನ ಮುಖ ನೋಡಿದಳು.

ಮಾವ ಅದನ್ನು ಕನ್ನಡಿಯಲ್ಲಿ ನೋಡಿದರು.